ಗುರುವಿನ ಸೆಳೆತ ಮತ್ತು ಕಿರಿಯ ಕಾಯಗಳ ಕಕ್ಷೆ

ಸೌರವ್ಯೂಹದಲ್ಲಿ ಸೂರ್ಯನನ್ನು ಬಿಟ್ಟರೆ ಮಿಕ್ಕ ವಸ್ತುವಿನ ಬಹುಪಾಲು ಇರುವುದು ಗುರುಗ್ರಹದಲ್ಲಿ. ಅದರ ದ್ರವ್ಯರಾಶಿ ಭೂಮಿಯ 318 ಪಟ್ಟು. ಉಳಿದ ಏಳು ಗ್ರಹಗಳನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದರೂ ಇನ್ನೊಂದು ತಟ್ಟೆಯ ಗುರು ಅವುಗಳ ಎರಡೂವರೆ ಪಟ್ಟು ತೂಗುತ್ತದೆ. ಸೂರ್ಯನಿಂದ ಸರಾಸರಿ 78 ಕೋಟಿ ಕಿ.ಮೀ., ಅಂದರೆ 5.2 ಖಗೋಳಮಾನ ದೂರದಲ್ಲಿ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ಅಂತರವೇ 1 ಖಗೋಳಮಾನ) 11.86 ವರ್ಷಕ್ಕೊಂದು ಸುತ್ತು ಹಾಕುವ ಈ ಗ್ರಹ ಕ್ಷುದ್ರಗ್ರಹ, ಧೂಮಕೇತು, ಉಪಗ್ರಹಗಳ ದಾರಿಯನ್ನು ನಾನಾ ಬಗೆಯಲ್ಲಿ ತಿದ್ದುತ್ತದೆ. ಕೆಲವನ್ನು ಒಂದೆಡೆ ಕೂಡಿಹಾಕುತ್ತದೆ, ಕೆಲವು ಜಾಗಗಳನ್ನು ಗುಡಿಸಿ ಬರಿದು ಮಾಡುತ್ತದೆ, ಕೆಲವನ್ನು ಸೌರವ್ಯೂಹದಿಂದಲೇ ಆಚೆಗೆ ಎಸೆಯುತ್ತದೆ, ಅಪರೂಪಕ್ಕೊಮ್ಮೆ ಒಂದನ್ನು ತಾನೇ ನುಂಗುತ್ತದೆ.

ಜಾತಕದಲ್ಲಿ ನೋಡುವ ಗುರುಬಲಕ್ಕೂ ಈ ಬಲಕ್ಕೂ ಸಂಬಂಧವಿಲ್ಲ. ಆದರೂ ಮದುವೆ ಮನೆಯ ಒಂದು ಮಾತು ಇಲ್ಲಿಗೂ ಒಪ್ಪುತ್ತದೆ: ಕಾಲ ಕೂಡಿಬರಬೇಕು. ಗುರುವಿನ ಪ್ರಭಾವದ ಗುಟ್ಟು ಅದರ ಸೆಳೆತದ ಜೋರಿನಲ್ಲಿರುವುದಕ್ಕಿಂತ ಆ ಸೆಳೆತ ಯಾವ ಹೊತ್ತಿಗೆ, ಎಷ್ಟು ಸಲ ಬಂದು ತಾಗುತ್ತದೆ ಎಂಬುದರಲ್ಲಿದೆ.

ಸೆಳೆತದ ಅಳತೆ

ಗುರು ಎಷ್ಟೇ ದೊಡ್ಡದಾದರೂ ಸೂರ್ಯನ ಮುಂದೆ ಅದು 1,047ರಲ್ಲಿ ಒಂದು ಪಾಲು. ಸೂರ್ಯನಿಂದ 2.5 ಖಗೋಳಮಾನ ದೂರದಲ್ಲಿರುವ ಒಂದು ಕ್ಷುದ್ರಗ್ರಹವನ್ನು ತೆಗೆದುಕೊಳ್ಳೋಣ. ಗುರು ಅದಕ್ಕೆ ಅತ್ಯಂತ ಸಮೀಪ ಬಂದಾಗಲೂ ಇಬ್ಬರ ನಡುವೆ 2.7 ಖಗೋಳಮಾನ ಅಂತರ ಇದ್ದೇ ಇರುತ್ತದೆ. ಲೆಕ್ಕ ಹಾಕಿದರೆ, ಆ ಗಳಿಗೆಯಲ್ಲಿ ಗುರು ಎಳೆಯುವ ಬಲ ಸೂರ್ಯನ ಬಲದ ಸುಮಾರು 1,200ರಲ್ಲಿ ಒಂದು ಪಾಲು ಮಾತ್ರ. ಇಷ್ಟು ಸಣ್ಣ ಎಳೆತ ಕಕ್ಷೆಯನ್ನು ಕೊಂಚ ಅಲುಗಾಡಿಸೀತು, ಕೆಡಿಸಲಾರದು. ಖಗೋಳಶಾಸ್ತ್ರದಲ್ಲಿ ಈ ಅಲುಗಾಟಕ್ಕೆ ಕ್ಷೋಭೆ ಎಂದು ಹೆಸರು.

ಆದರೆ ನಾಗರಪಂಚಮಿಯ ಜೋಕಾಲಿ ಜೀಕಿದವರಿಗೆ ಗೊತ್ತಿದೆ: ದೊಡ್ಡವರನ್ನು ಕೂರಿಸಿದ ಜೋಕಾಲಿಯನ್ನು ಒಂದು ಮಗುವೂ ಎತ್ತರಕ್ಕೆ ಏರಿಸಬಲ್ಲದು, ಪ್ರತಿ ಸಲ ಹಿಂದಕ್ಕೆ ಬಂದು ನಿಂತ ಕ್ಷಣಕ್ಕೇ ಸರಿಯಾಗಿ ತಳ್ಳಿದರೆ. ಹೊತ್ತುಗೊತ್ತಿಲ್ಲದೆ ತಳ್ಳಿದರೆ ಒಂದು ನೂಕು ಇನ್ನೊಂದನ್ನು ಅಳಿಸಿಹಾಕುತ್ತದೆ. ಕ್ಷುದ್ರಗ್ರಹವೊಂದರ ಸುತ್ತಿನ ಅವಧಿಗೂ ಗುರುವಿನ ಅವಧಿಗೂ ಸರಳವಾದ ಅನುಪಾತ ಇದ್ದರೆ, ಇಬ್ಬರೂ ಮತ್ತೆಮತ್ತೆ ಅದೇ ಜಾಗದಲ್ಲಿ ಎದುರಾಗುತ್ತಾರೆ. ನೂಕುಗಳು ಒಂದರ ಮೇಲೊಂದು ಕೂಡುತ್ತವೆ. ಇದು ಅನುರಣನೆ.

ಗುರುವಿನ ಮಾತೇ ಕೊನೆಯ ಮಾತಾಗುವ ಒಂದು ಸೀಮೆಯೂ ಇದೆ. ಗ್ರಹದಿಂದ ಸುಮಾರು 5.3 ಕೋಟಿ ಕಿ.ಮೀ. ತನಕ ಹರಡಿದ ಇದನ್ನು ಹಿಲ್ ಗೋಳ ಎನ್ನುತ್ತಾರೆ. ಅದರೊಳಗೆ ತಕ್ಕಷ್ಟು ನಿಧಾನವಾಗಿ ಬಂದ ಕಾಯ ಸೂರ್ಯನನ್ನು ಮರೆತು ಗುರುವನ್ನು ಸುತ್ತತೊಡಗಬಹುದು. ಗುರು ಸೂರ್ಯನನ್ನೂ ಅಲುಗಾಡಿಸದೆ ಬಿಟ್ಟಿಲ್ಲ. ಇಬ್ಬರೂ ಸುತ್ತುವ ಸಮಾನ ಕೇಂದ್ರ ಸೂರ್ಯನ ಒಡಲೊಳಗಿಲ್ಲ, ಅದರ ಮೇಲ್ಮೈಯಿಂದ ತುಸು ಹೊರಗಿದೆ.

ಗುರುವಿನ ಅವಧಿಯ ವಿಷಯ ನಮ್ಮ ಪಂಚಾಂಗದವರಿಗೆ ಹಳೆಯದು. 43,20,000 ವರ್ಷಗಳಲ್ಲಿ ಗುರು 3,64,224 ಸುತ್ತು ಹಾಕುತ್ತದೆಂದು ಆರ್ಯಭಟೀಯ ಹೇಳುತ್ತದೆ, ಭಾಗಿಸಿದರೆ 11.86 ವರ್ಷವೇ ಬರುತ್ತದೆ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಚಕ್ರವೂ ಗುರುವಿನ ಐದು ಸುತ್ತಿಗೆ ಹೊಂದಿಸಿದ್ದು. ಆ ಐದು ಸುತ್ತಿಗೆ ಹಿಡಿಯುವ 59.3 ವರ್ಷಗಳಲ್ಲಿ ಶನಿ ಹೆಚ್ಚುಕಡಿಮೆ ಎರಡು ಸುತ್ತು ಮುಗಿಸಿರುತ್ತದೆ. ಈ ಐದಕ್ಕೆರಡರ ಹೊಂದಿಕೆ ಪೂರ್ತಿ ಕರಾರುವಾಕ್ಕಲ್ಲ, ಆದರೂ ತನ್ನ ಕೆಲಸ ಮಾಡುತ್ತದೆ. 17ನೆಯ ಶತಮಾನದಿಂದ ಯುರೋಪಿನವರನ್ನು ಒಂದು ಒಗಟು ಕಾಡುತ್ತಿತ್ತು: ಹಳೆಯ ವೀಕ್ಷಣೆಗಳ ಜೊತೆ ಹೋಲಿಸಿದರೆ ಗುರು ವೇಗ ಹೆಚ್ಚಿಸಿಕೊಳ್ಳುತ್ತಿದೆ, ಶನಿ ಹಿಂದೆ ಬೀಳುತ್ತಿದೆ. ಹೀಗೇ ನಡೆದರೆ ಸೌರವ್ಯೂಹವೇ ಕದಡೀತಲ್ಲ ಎಂಬ ಆತಂಕಕ್ಕೆ 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ತೆರೆ ಎಳೆದ. ಅದು ಸುಮಾರು 900 ವರ್ಷಗಳ ಒಂದು ಏರಿಳಿತ. ಹೋದದ್ದು ತಿರುಗಿ ಬರುತ್ತದೆ. ಇಬ್ಬರಲ್ಲಿ ಹಗುರಾದ ಶನಿಯೇ ಹೆಚ್ಚು ಓಲಾಡುತ್ತದೆ, ತನ್ನ ಸರಾಸರಿ ಸ್ಥಾನದಿಂದ ಮುಕ್ಕಾಲು ಡಿಗ್ರಿಗೂ ಹೆಚ್ಚು, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಒಂದೂವರೆಯಷ್ಟು.

ಕರ್ಕ್‌ವುಡ್ ತೆರವುಗಳು

1801ರ ಜನವರಿ 1ರಂದು ಖಗೋಳಜ್ಞ ಪಿಯಾಜಿ ಸೀರಿಸ್ ಎಂಬ ಕಾಯವನ್ನು ಕಂಡ ಮೇಲೆ ಮಂಗಳ ಮತ್ತು ಗುರುಗಳ ನಡುವೆ ಒಂದಾದ ಮೇಲೊಂದು ಕ್ಷುದ್ರಗ್ರಹ ಸಿಗುತ್ತಾ ಹೋಯಿತು. 1860ರ ದಶಕದ ನಡುವಿಗೆ ಅವುಗಳ ಸಂಖ್ಯೆ ನೂರರ ಹತ್ತಿರ ಬಂದಿತ್ತು, ಅಷ್ಟೆ. ಅಮೆರಿಕದಲ್ಲಿ ಗಣಿತ ಕಲಿಸುತ್ತಿದ್ದ ಡೇನಿಯಲ್ ಕರ್ಕ್‌ವುಡ್ ಅಷ್ಟು ಕಡಿಮೆ ಸಾಮಗ್ರಿ ಇಟ್ಟುಕೊಂಡೇ ಒಂದು ವಿಚಿತ್ರವನ್ನು ಗಮನಿಸಿ 1866ರಲ್ಲಿ ಬಹಿರಂಗಪಡಿಸಿದ. ಕ್ಷುದ್ರಗ್ರಹಗಳನ್ನು ಸೂರ್ಯನಿಂದ ಅವುಗಳ ಸರಾಸರಿ ದೂರಕ್ಕೆ ತಕ್ಕಂತೆ ಸಾಲಾಗಿ ಬರೆದರೆ ಕೆಲವು ದೂರಗಳಲ್ಲಿ ಯಾವ ಹೆಸರೂ ಬರುತ್ತಿರಲಿಲ್ಲ. ಇಂದು ಲಕ್ಷಾಂತರ ಕ್ಷುದ್ರಗ್ರಹಗಳ ಕಕ್ಷೆ ಗೊತ್ತು. ಆ ತೆರವುಗಳು ಮಾತ್ರ ಹಲ್ಲು ಬಿದ್ದ ಜಾಗದಂತೆ ಹಾಗೆಯೇ ಇವೆ.

ಅವು ಎಲ್ಲೆಲ್ಲಿವೆ ನೋಡಿ. 2.50 ಖಗೋಳಮಾನದಲ್ಲಿ ಒಂದು: ಅಲ್ಲಿ ಸುತ್ತುವ ಕಲ್ಲಿಗೆ ಒಂದು ಸುತ್ತಿಗೆ 3.95 ವರ್ಷ ಬೇಕು, ಗುರುವಿನ ಅವಧಿಯ ಸರಿಯಾಗಿ ಮೂರನೆಯ ಒಂದು ಪಾಲು. 2.82ರಲ್ಲಿ ಇನ್ನೊಂದು, ಗುರು 2 ಸುತ್ತು ಹಾಕುವಷ್ಟರಲ್ಲಿ ಅಲ್ಲಿನ ಕಲ್ಲು 5 ಸುತ್ತು ಹಾಕುತ್ತದೆ. 2.96ರಲ್ಲಿ ಮೂರಕ್ಕೆ ಏಳು. 3.28ರಲ್ಲಿ ಒಂದಕ್ಕೆರಡು. ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ. ಪಠ್ಯಪುಸ್ತಕಗಳ ಚಿತ್ರ ನೋಡಿದವರು ಕ್ಷುದ್ರಗ್ರಹಗಳು ಸುತ್ತುವ ಪಟ್ಟಿಯಲ್ಲಿ ಶನಿಯ ಉಂಗುರದಂತೆ ಖಾಲಿ ಓಣಿಗಳಿವೆ ಎಂದುಕೊಳ್ಳುತ್ತಾರೆ. ಆಕಾಶದಲ್ಲಿ ಅಂಥ ಓಣಿ ಯಾವುದೂ ಇಲ್ಲ. ಕಕ್ಷೆಗಳೆಲ್ಲ ದೀರ್ಘವೃತ್ತಗಳಾದ್ದರಿಂದ ಇವತ್ತು, ಈ ಹೊತ್ತಿನಲ್ಲಿ, 2.50 ಖಗೋಳಮಾನದಲ್ಲಿ ಬೇಕಾದಷ್ಟು ಕಲ್ಲುಗಳು ಹಾದುಹೋಗುತ್ತಿವೆ. ತೆರವು ಕಾಣುವುದು ಸರಾಸರಿ ದೂರಗಳ ಪಟ್ಟಿಯಲ್ಲಿ ಮಾತ್ರ. ಪಟ್ಟಿ ಬರೆದು ಕೂತವನಿಗೇ ಅದು ಮೊದಲು ಕಂಡಿತೆಂಬುದು ಆಕಸ್ಮಿಕವಲ್ಲ.

ಅಲ್ಲಿದ್ದವು ಹೋದದ್ದೆಲ್ಲಿಗೆ? ಜೋಕಾಲಿಯ ಹೋಲಿಕೆ ಅರ್ಧ ದಾರಿಗಷ್ಟೇ ಸಾಕು. ನೂರು ವರ್ಷಕ್ಕೂ ಹೆಚ್ಚು ಕಾಲ ಗಣಿತಜ್ಞರು ಕೈಲೆಕ್ಕದಲ್ಲಿ ಇದರ ಬೆನ್ನು ಹತ್ತಿದರೂ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. 1980ರ ದಶಕದ ಆರಂಭದಲ್ಲಿ ಜ್ಯಾಕ್ ವಿಸ್ಡಮ್ ಎಂಬ ತರುಣ ವಿಜ್ಞಾನಿ ಒಂದಕ್ಕೆ ಮೂರರ ತೆರವಿನಲ್ಲಿ ಕಾಲ್ಪನಿಕ ಕಲ್ಲುಗಳನ್ನಿಟ್ಟು ಲಕ್ಷಾಂತರ ವರ್ಷಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿದರು. ಕಲ್ಲು ಬಹುಕಾಲ ಸಾಧುವಾಗಿ, ಹೆಚ್ಚುಕಡಿಮೆ ವೃತ್ತದಲ್ಲೇ ಸುತ್ತುತ್ತಿರುತ್ತದೆ. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಅದರ ಕಕ್ಷೆ ಉದ್ದಕ್ಕೆ ಎಳೆದಂತೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಇದು ಗಣಿತದವರು ಕೇಯಾಸ್ ಎನ್ನುವ ಅಸ್ತವ್ಯಸ್ತ ಚಲನೆ. ಉತ್ಕೇಂದ್ರತೆ, ಎಂದರೆ ಕಕ್ಷೆ ವೃತ್ತದಿಂದ ಎಷ್ಟು ಉದ್ದುದ್ದ ಆಗಿದೆ ಎಂಬ ಅಳತೆ, 0.3 ದಾಟಿದರೆ ಕಲ್ಲು ಮಂಗಳದ ದಾರಿಗೆ ಅಡ್ಡ ಬರುತ್ತದೆ. ಅಲ್ಲಿಂದ ಮುಂದೆ ಅದರ ಹಣೆಬರಹ ಬರೆಯುವುದು ಮಂಗಳ, ಭೂಮಿ, ಶುಕ್ರಗಳು. ಕೆಲವು ಹೊರಕ್ಕೆ ಚಿಮ್ಮುತ್ತವೆ. ನೇರ ಸೂರ್ಯನಿಗೇ ಬೀಳುವವು ಬಹಳ ಎಂಬುದು 1990ರ ದಶಕದ ಲೆಕ್ಕಗಳಿಂದ ತಿಳಿಯಿತು. ತೆರವಿಗೆ ಬಿದ್ದ ಕಲ್ಲಿನ ಆಯುಸ್ಸು ಕೆಲವೇ ದಶಲಕ್ಷ ವರ್ಷ. ಖಗೋಳದ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವ ಹೊತ್ತು.

ಹಾಗಿದ್ದರೆ ಭೂಮಿಯ ಸಮೀಪ ಸುಳಿಯುವ ಕ್ಷುದ್ರಗ್ರಹಗಳು ಇಷ್ಟರಲ್ಲಿ ಮುಗಿದೇ ಹೋಗಬೇಕಿತ್ತಲ್ಲ? ಮುಗಿಯದಿರುವುದಕ್ಕೆ ಕಾರಣ ಬಿಸಿಲು. ಬಿಸಿಲಿಗೆ ಕಾದ ಕಲ್ಲು ತಿರುಗುತ್ತಾ ಸಂಜೆಯ ಮಗ್ಗುಲಲ್ಲಿ ಆ ಶಾಖವನ್ನು ಹೊರಸೂಸುತ್ತದೆ. ಆ ಸೂಸುವಿಕೆ ಕಲ್ಲನ್ನು ಅತಿ ಮೆಲ್ಲಗೆ ತಳ್ಳುತ್ತದೆ. ಯಾರ್ಕೋವ್ಸ್ಕಿ ಪರಿಣಾಮ ಎಂಬ ಈ ನೂಕು ಸಣ್ಣ ಕಲ್ಲುಗಳನ್ನು ಕೋಟ್ಯಂತರ ವರ್ಷಗಳಲ್ಲಿ ತೆರವಿನ ಅಂಚಿಗೆ ಸರಿಸುತ್ತದೆ, ಅಲ್ಲಿಂದ ಗುರು ಅವನ್ನು ಎತ್ತಿಕೊಳ್ಳುತ್ತದೆ. ಹೊಲದಲ್ಲಿ ಬಿದ್ದ ಎಷ್ಟೋ ಉಲ್ಕಾಶಿಲೆಗಳು ಈ ಬಾಗಿಲಿನಿಂದ ಹೊರಟವೇ.

ಕೂಡಿಹಾಕುವ ಬಗೆ: ಹಿಲ್ಡಾ ಮತ್ತು ಟ್ರೋಜನ್‌ಗಳು

ಸರಳ ಅನುಪಾತ ಇದ್ದಲ್ಲೆಲ್ಲ ತೆರವು ಎಂದು ಸೂತ್ರ ಕಟ್ಟಿದವರಿಗೆ 3.97 ಖಗೋಳಮಾನದಲ್ಲಿ ಅಡ್ಡಿ ಎದುರಾಗುತ್ತದೆ. ಅಲ್ಲಿ ಅನುಪಾತ ಎರಡಕ್ಕೆ ಮೂರು, ಗುರುವಿಗೆ ಇನ್ನೂ ಹತ್ತಿರ, ಆದರೆ ಅಲ್ಲಿ ಸಾವಿರಾರು ಕ್ಷುದ್ರಗ್ರಹಗಳ ಸಂಸಾರವೇ ನೆಲೆಸಿದೆ. 1875ರಲ್ಲಿ ಯೋಹಾನ್ ಪಲೀಸಾ ಕಂಡ ಹಿಲ್ಡಾದಿಂದ ಅವಕ್ಕೆ ಹಿಲ್ಡಾ ಗುಂಪು ಎಂದು ಹೆಸರು. ಇವು ಗುರುವನ್ನು ಹಿಂದೆ ಹಾಕುವುದು ಯಾವಾಗಲೂ ತಾವು ಸೂರ್ಯನಿಗೆ ಸಮೀಪ ಇರುವಾಗ. ಗುರುವಿನ ಕಕ್ಷೆಯ ಹತ್ತಿರಕ್ಕೆ ಹೋಗುವ ಹೊತ್ತಿಗೆ ಗುರು ಅಲ್ಲಿರುವುದಿಲ್ಲ. ಸಾಲ ಕೊಟ್ಟವನು ಬರುವ ಹೊತ್ತು ತಿಳಿದು ಮನೆಯಿಂದ ಹೊರಬೀಳುವವನ ಜಾಣತನ ಇದು. ಅದೇ ಅನುರಣನೆ, ಒಂದು ಕಡೆ ಕೊಲ್ಲುತ್ತದೆ, ಇನ್ನೊಂದು ಕಡೆ ಕಾಯುತ್ತದೆ. ಎದುರಾಗುವ ಜಾಗ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ.

ಇದರ ಪರಮಾವಧಿ ಒಂದಕ್ಕೆ ಒಂದು. 1772ರಲ್ಲಿ ಗಣಿತಜ್ಞ ಲಗ್ರಾಂಜ್ ಮೂರು ಕಾಯಗಳ ಲೆಕ್ಕ ಬಿಡಿಸುತ್ತಾ, ದೊಡ್ಡ ಎರಡು ಕಾಯಗಳ ಜೊತೆ ಸಮಭುಜ ತ್ರಿಕೋನ ಮಾಡುವಂತೆ ಮೂರನೆಯ ಸಣ್ಣ ಕಾಯವನ್ನಿಟ್ಟರೆ ಆ ಆಕಾರ ಕೆಡದೆ ಸುತ್ತುತ್ತದೆ ಎಂದು ತೋರಿಸಿದ. ಅದು ಬರೀ ಗಣಿತದ ಕುತೂಹಲ ಎಂದೇ ಅವನ ಎಣಿಕೆ. 134 ವರ್ಷ ಅದು ಹಾಗೆಯೇ ಉಳಿಯಿತು. 1906ರ ಫೆಬ್ರವರಿಯಲ್ಲಿ ಹೈಡಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ತೆಗೆದ ಛಾಯಾಚಿತ್ರದಲ್ಲಿ ಒಂದು ಚುಕ್ಕೆ ಸಿಕ್ಕಿತು. ಅದು ಗುರುವಿನ ಕಕ್ಷೆಯಲ್ಲೇ, ಗುರುವಿಗಿಂತ ಸುಮಾರು 60 ಡಿಗ್ರಿ ಮುಂದೆ ನಡೆಯುತ್ತಿತ್ತು. ಅದಕ್ಕೆ ಅಕಿಲಿಸ್ ಎಂದು ಹೆಸರಿಟ್ಟರು. ಆಮೇಲೆ 60 ಡಿಗ್ರಿ ಹಿಂದೆಯೂ ಸಿಕ್ಕವು. ಟ್ರಾಯ್ ಯುದ್ಧದ ವೀರರ ಹೆಸರಿಡುವ ರೂಢಿ ಬೆಳೆದು ಮುಂದಿನ ಗುಂಪು ಗ್ರೀಕರ ಪಾಳೆಯ, ಹಿಂದಿನದು ಟ್ರಾಯ್ ಪಾಳೆಯ ಎಂದಾಯಿತು. ಈ ನಿಯಮ ಗಟ್ಟಿಯಾಗುವ ಮೊದಲೇ ಹೆಸರು ಪಡೆದ ಇಬ್ಬರು ಮಾತ್ರ ಶತ್ರು ಪಾಳೆಯದಲ್ಲಿ ಸಿಕ್ಕಿಬಿದ್ದಿದ್ದಾರೆ: ಗ್ರೀಕರ ನಡುವೆ ಹೆಕ್ಟರ್, ಟ್ರಾಯ್‌ನವರ ನಡುವೆ ಪೆಟ್ರೋಕ್ಲಸ್.

ಈಗ ಗೊತ್ತಿರುವ ಟ್ರೋಜನ್‌ಗಳು ಹತ್ತು ಸಾವಿರಕ್ಕೂ ಹೆಚ್ಚು. ಅವು ತ್ರಿಕೋನದ ತುದಿಯ ಬಿಂದುವಿನಲ್ಲಿ (ಲಗ್ರಾಂಜ್ ಬಿಂದು) ಮೊಳೆ ಹೊಡೆದಂತೆ ನಿಂತಿಲ್ಲ, ಅದರ ಸುತ್ತ ಸುಮಾರು 150 ವರ್ಷಕ್ಕೊಮ್ಮೆ ನಿಧಾನವಾಗಿ ಓಲಾಡುತ್ತವೆ. ಬೆಂಗಳೂರಿನ ಇಸ್ರೋ 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ-ಎಲ್1 ಹೆಸರಿನಲ್ಲಿರುವುದೂ ಇಂಥದೇ ಒಂದು ಲಗ್ರಾಂಜ್ ಬಿಂದು, ಆದರೆ ಸೂರ್ಯ ಮತ್ತು ಭೂಮಿಯ ಜೋಡಿಯದ್ದು, ಅದೂ ಅಸ್ಥಿರವಾದದ್ದು. ಅಲ್ಲಿ ನೌಕೆ ಆಗಾಗ ಇಂಧನ ಉರಿಸಿ ಸ್ಥಾನ ಕಾಯ್ದುಕೊಳ್ಳಬೇಕು. ಗುರುವಿನ ಟ್ರೋಜನ್‌ಗಳಿಗೆ ಆ ಖರ್ಚಿಲ್ಲ. 2021ರ ಅಕ್ಟೋಬರ್‌ನಲ್ಲಿ ಹೊರಟ ನಾಸಾದ ಲೂಸಿ ನೌಕೆಯ ಮುಖ್ಯ ಗುರಿ ಈ ಎರಡು ಪಾಳೆಯಗಳೇ.

ಧೂಮಕೇತುಗಳ ದಾರಿ ತಪ್ಪಿಸುವಿಕೆ

ಗುರುವಿನ ಪ್ರಭಾವ ಜನಸಾಮಾನ್ಯರಿಗೂ ಕಾಣುವಂತೆ ಹೊರಬಿದ್ದದ್ದು ಹ್ಯಾಲಿ ಧೂಮಕೇತುವಿನ ಮೂಲಕ. 1682ರಲ್ಲಿ ಕಂಡ ಧೂಮಕೇತು 1758ರ ಸುಮಾರಿಗೆ ಮರಳುತ್ತದೆ ಎಂದು ಎಡ್ಮಂಡ್ ಹ್ಯಾಲಿ 1705ರಲ್ಲಿ ಬರೆದಿದ್ದ. ಅದರ ಸುತ್ತಿನ ಅವಧಿ ಒಂದೊಂದು ಸಲ ಒಂದೊಂದು ಬಗೆ ಇರುವುದಕ್ಕೆ ಗುರುವೇ ಕಾರಣ ಎಂಬ ಅನುಮಾನವೂ ಅವನಿಗಿತ್ತು. ಆ ಅನುಮಾನವನ್ನು ದಿನಗಳ ಲೆಕ್ಕಕ್ಕೆ ಇಳಿಸಿದವರು ಪ್ಯಾರಿಸ್‌ನ ಮೂವರು: ಕ್ಲೇರೋ, ಲಲಾಂಡ್ ಮತ್ತು ನಿಕೋಲ್-ರೇನ್ ಲೆಪೋಟ್ ಎಂಬ ಮಹಿಳೆ. ಧೂಮಕೇತು ಎಲ್ಲಿದ್ದಾಗ ಗುರು ಎಲ್ಲಿತ್ತು, ಶನಿ ಎಲ್ಲಿತ್ತು, ಎಷ್ಟು ಎಳೆಯಿತು ಎಂದು 150 ವರ್ಷಗಳಷ್ಟು ಹಿಂದಿನಿಂದ ಹೆಜ್ಜೆ ಹೆಜ್ಜೆಗೂ ಕೈಯಲ್ಲಿ ಕೂಡಿಸಿ ಕಳೆದರು. ಆರು ತಿಂಗಳು, ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಮೇಜಿನ ಮೇಲೂ ಲೆಕ್ಕ ನಡೆಯಿತೆಂದು ಲಲಾಂಡ್ ನೆನೆದಿದ್ದಾನೆ. ಉತ್ತರ ಬಂತು: ಶನಿಯಿಂದ 100 ದಿನ, ಗುರುವಿನಿಂದ 518 ದಿನ ತಡ. ಧೂಮಕೇತು ಸೂರ್ಯನ ಸಮೀಪ ಹಾಯುವುದು 1759ರ ಏಪ್ರಿಲ್ ನಡುವೆ, ಒಂದು ತಿಂಗಳು ಆಚೀಚೆ. ಅದು ಹಾದದ್ದು ಮಾರ್ಚ್ 13ರಂದು. ಅದನ್ನು ಎಲ್ಲರಿಗಿಂತ ಮೊದಲು, 1758ರ ಕ್ರಿಸ್‌ಮಸ್ ರಾತ್ರಿ ಕಂಡವನು ದೊಡ್ಡ ವೀಕ್ಷಣಾಲಯದವನಲ್ಲ, ಡ್ರೆಸ್ಡೆನ್ ಬಳಿಯ ಪಾಲಿಟ್ಶ್ ಎಂಬ ರೈತ.

ಅದಕ್ಕಿಂತ ಸ್ವಾರಸ್ಯದ ಕಥೆ ಲೆಕ್ಸೆಲ್ ಧೂಮಕೇತುವಿನದು. 1770ರ ಜೂನ್‌ನಲ್ಲಿ ಖಗೋಳಜ್ಞ ಮೆಸಿಯೆ ಅದನ್ನು ಕಂಡ. ಜುಲೈ 1ರಂದು ಅದು ಭೂಮಿಯಿಂದ ಸುಮಾರು 22 ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಚಂದ್ರನ ಆರು ಪಟ್ಟು ದೂರದಲ್ಲಿ ಹಾದುಹೋಯಿತು. ಆಂಡರ್ಸ್ ಲೆಕ್ಸೆಲ್ ಲೆಕ್ಕ ಹಾಕಿ ಅದರ ಅವಧಿ ಐದೂವರೆ ವರ್ಷ ಎಂದಾಗ ಪ್ರಶ್ನೆ ಎದ್ದಿತು: ಅಷ್ಟು ಬೇಗಬೇಗ ಬರುವುದಾದರೆ ಇದಕ್ಕೆ ಮೊದಲು ಯಾರೂ ಯಾಕೆ ನೋಡಿಲ್ಲ? ಲೆಕ್ಸೆಲ್ ಉತ್ತರ ಕೊಟ್ಟ. 1767ರಲ್ಲಿ ಅದು ಗುರುವಿನ ಹತ್ತಿರ ಹಾಯ್ದಿದೆ, ಗುರುವೇ ಅದನ್ನು ಒಳಕ್ಕೆ ತಳ್ಳಿದೆ. ಮುಂದಿನ ಸಲ, 1776ರಲ್ಲಿ, ಅದು ಸೂರ್ಯನ ಮರೆಯಲ್ಲಿ ಹಾಯ್ದದ್ದರಿಂದ ಕಾಣಲಿಲ್ಲ. 1779ರಲ್ಲಿ ಮತ್ತೆ ಗುರುವಿಗೆ ಇನ್ನೂ ಹತ್ತಿರ ಹೋಗಿ ಸಿಕ್ಕಿಕೊಂಡಿತು. ಕರೆದು ತಂದವನೇ ಕತ್ತು ಹಿಡಿದು ಹೊರಗೆ ದಬ್ಬಿದ. ಆಮೇಲೆ ಅದನ್ನು ಯಾರೂ ಕಂಡಿಲ್ಲ. ಎರಡೇ ಸಲ ಬಾಗಿಲು ತೆರೆದು ಮುಚ್ಚಿದ ಈ ಪ್ರಸಂಗ ಇನ್ನೊಂದನ್ನೂ ಕಲಿಸಿತು. ಅಷ್ಟು ಸಮೀಪ ಹಾದರೂ ಅದು ಭೂಮಿಯ ವರ್ಷದ ಉದ್ದವನ್ನು ಅಳತೆಗೆ ಸಿಗುವಷ್ಟೂ ಬದಲಿಸಲಿಲ್ಲ. ಹಾಗಾಗಿ ಅದರ ದ್ರವ್ಯರಾಶಿ ಭೂಮಿಯ 5,000ದಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು ಲಾಪ್ಲಾಸ್ ತೀರ್ಮಾನಿಸಿದ. ಧೂಮಕೇತುಗಳು ನೋಡಲು ದೊಡ್ಡವು, ತೂಕಕ್ಕೆ ಏನೂ ಅಲ್ಲ ಎಂಬುದಕ್ಕೆ ಅದು ಮೊದಲ ಗಟ್ಟಿ ಪುರಾವೆ.

ಹೀಗೆ ಕಕ್ಷೆಯೇ ಬದಲಾಗಿಬಿಟ್ಟರೆ, ಮುಂದೆ ಕಂಡ ಧೂಮಕೇತು ಹಳೆಯದೋ ಹೊಸದೋ ಎಂದು ಗುರುತು ಹಿಡಿಯುವುದು ಹೇಗೆ? ಸೂರ್ಯನಿಂದ ದೂರ, ಉತ್ಕೇಂದ್ರತೆ, ಓರೆ ಎಲ್ಲವೂ ಬದಲಾದರೂ ಅವುಗಳನ್ನು ಒಂದು ಬಗೆಯಲ್ಲಿ ಕೂಡಿಸಿದಾಗ ಬರುವ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂದು ಫ್ರಾನ್ಸಿನ ಫೆಲಿಕ್ಸ್ ಟಿಸ್ಸರಾಂಡ್ 1889ರಲ್ಲಿ ತೋರಿಸಿಕೊಟ್ಟ. ವೇಷ ಬದಲಿಸಿದರೂ ಬದಲಾಗದ ಮಚ್ಚೆ ಅದು. ಈಗ ಧೂಮಕೇತುಗಳ ವಿಂಗಡಣೆಗೂ ಅದೇ ಆಧಾರ. ಸಂಖ್ಯೆ 2 ಮತ್ತು 3ರ ನಡುವೆ ಬಿದ್ದರೆ ಅದು ಗುರುವಿನ ಬಳಗದ್ದು. 3ಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಕ್ಷುದ್ರಗ್ರಹ. ಗುರುವಿನ ಬಳಗದವು 20 ವರ್ಷದೊಳಗೆ ಸುತ್ತು ಮುಗಿಸುವ, ಸೂರ್ಯನಿಂದ ಗರಿಷ್ಠ ದೂರ ಗುರುವಿನ ಕಕ್ಷೆಯ ಆಸುಪಾಸಿನಲ್ಲೇ ಇರುವ ಧೂಮಕೇತುಗಳು.

ಈ ಬಳಗದ ಸದಸ್ಯತ್ವ ಶಾಶ್ವತವಲ್ಲ. ಫಿನ್ಲೆಂಡಿನ ಲೀಸಿ ಓಟರ್ಮಾ 1943ರಲ್ಲಿ ಕಂಡುಹಿಡಿದ, ಅವರದೇ ಹೆಸರಿನ ಧೂಮಕೇತು 1937ಕ್ಕೆ ಮೊದಲು ಗುರುವಿನ ಕಕ್ಷೆಯ ಆಚೆ 18 ವರ್ಷಕ್ಕೊಂದು ಸುತ್ತು ಹಾಕುತ್ತಿತ್ತು. ಆ ವರ್ಷ ಗುರುವಿನ ಪಕ್ಕ ಮೆಲ್ಲಗೆ ಹಾದು ಒಳಕ್ಕೆ ಬಂದು, ಸುಮಾರು 8 ವರ್ಷದ ಸುತ್ತಿಗೆ ಇಳಿಯಿತು, ಹಿಲ್ಡಾಗಳ ನೆರೆಯಾಯಿತು. 1963ರಲ್ಲಿ ಮತ್ತೆ ಗುರುವಿನ ಬಳಿ ಹೋಗಿ ಹೊರಕ್ಕೆ ದಾಟಿ 19 ವರ್ಷದ ಸುತ್ತು ಹಿಡಿಯಿತು. ರೋಸೆಟ್ಟಾ ನೌಕೆ 2014ರಲ್ಲಿ ಹೋಗಿ ಸೇರಿದ 67ಪಿ ಧೂಮಕೇತುವನ್ನೂ ನಮಗೆ ಕಾಣುವಂತೆ ಮಾಡಿದ್ದು ಗುರುವೇ. 1959ರ ಮುಖಾಮುಖಿಗೆ ಮೊದಲು ಅದು ಸೂರ್ಯನಿಂದ 2.7 ಖಗೋಳಮಾನಕ್ಕಿಂತ ಸಮೀಪ ಬರುತ್ತಿರಲಿಲ್ಲ, ಆಮೇಲೆ 1.3ರವರೆಗೆ ಬರತೊಡಗಿತು. 1969ರಲ್ಲಿ ಚುರ್ಯುಮೋವ್ ಮತ್ತು ಗೆರಾಸಿಮೆಂಕೊ ಅದನ್ನು ಕಂಡರು.

ಶೂಮೇಕರ್-ಲೆವಿ 9ರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳಿದರೆ ಸಾಕು. ದಶಕಗಳ ಹಿಂದೆಯೇ ಗುರುವಿನ ಸೆರೆಗೆ ಸಿಕ್ಕು ಅದನ್ನೇ ಸುತ್ತುತ್ತಿದ್ದ ಈ ಧೂಮಕೇತು 1992ರ ಜುಲೈನಲ್ಲಿ ಗ್ರಹಕ್ಕೆ ತೀರ ಸಮೀಪ ಹಾದು ಚೂರಾಯಿತು. ಹತ್ತಿರದ ಮಗ್ಗುಲನ್ನು ಗುರು ಎಳೆಯುವ ಬಲಕ್ಕೂ ದೂರದ ಮಗ್ಗುಲನ್ನು ಎಳೆಯುವ ಬಲಕ್ಕೂ ಇರುವ ವ್ಯತ್ಯಾಸವೇ ಅದನ್ನು ಹರಿದುಹಾಕಿತು. 1993ರ ಮಾರ್ಚ್‌ನಲ್ಲಿ ಅದು ಪತ್ತೆಯಾದಾಗ ದಾರಕ್ಕೆ ಪೋಣಿಸಿದ ಮಣಿಗಳಂತೆ ಚೂರುಗಳು ಸಾಲಾಗಿದ್ದವು. 1994ರ ಜುಲೈ 16ರಿಂದ 22ರವರೆಗೆ ಅವು ಒಂದೊಂದಾಗಿ ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗದಲ್ಲಿ ಗುರುವಿಗೆ ಅಪ್ಪಳಿಸಿದವು. ಬಿದ್ದ ಜಾಗಗಳ ಕಪ್ಪು ಕಲೆಗಳಲ್ಲಿ ದೊಡ್ಡವು ಭೂಮಿಯಷ್ಟು ಅಗಲವಿದ್ದು, ಹವ್ಯಾಸಿಗಳ ಸಣ್ಣ ದೂರದರ್ಶಕಗಳಲ್ಲೂ ಕಂಡವು.

ಉಪಗ್ರಹಗಳು

ಗುರುವಿಗೆ ಹತ್ತಿರದ ಮೂರು ದೊಡ್ಡ ಉಪಗ್ರಹಗಳಾದ ಅಯೊ, ಯುರೋಪಾ, ಗ್ಯಾನಿಮೀಡ್‌ಗಳ ಅವಧಿ ಕ್ರಮವಾಗಿ 1.77, 3.55 ಮತ್ತು 7.15 ದಿನ. ಒಂದು, ಎರಡು, ನಾಲ್ಕು. ಈ ಹೊಂದಿಕೆ ಅಯೊದ ಕಕ್ಷೆ ಪೂರ್ತಿ ವೃತ್ತವಾಗಲು ಬಿಡುವುದಿಲ್ಲ. ಹಾಗಾಗಿ ಗುರು ಅದನ್ನು ಪ್ರತಿ ಸುತ್ತಿನಲ್ಲೂ ಹಿಟ್ಟು ನಾದಿದಂತೆ ನಾದುತ್ತದೆ, ಒಡಲು ಕಾದು ಕರಗುತ್ತದೆ. ಪೀಲ್, ಕ್ಯಾಸನ್, ರೆನಾಲ್ಡ್ಸ್ ಎಂಬ ಮೂವರು ಇದನ್ನು ಲೆಕ್ಕ ಹಾಕಿ 1979ರ ಮಾರ್ಚ್ ಆರಂಭದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವಾಯೇಜರ್ 1 ನೌಕೆ ಕಳಿಸಿದ ಚಿತ್ರದಲ್ಲಿ ಅಯೊದ ಜ್ವಾಲಾಮುಖಿ ಉಗುಳುತ್ತಿರುವುದು ಕಂಡಿತು. ವಿಜ್ಞಾನದಲ್ಲಿ ಭವಿಷ್ಯ ಇಷ್ಟು ಬೇಗ ನಿಜವಾಗುವುದು ಅಪರೂಪ.

ಲಾಪ್ಲಾಸ್ ವಿವರಿಸಿದ ಈ ಮೂವರ ಹೊಂದಿಕೆಯ ಬೆನ್ನು ಹಿಡಿದವರೊಬ್ಬರು ನಮ್ಮ ಬಾಗಲಕೋಟೆಯಲ್ಲಿದ್ದರು. ಅಲ್ಲಿ ಶಾಲಾ ಶಿಕ್ಷಕರಾಗಿದ್ದ, ಪಂಚಾಂಗ ಗಣಿತದಲ್ಲಿ ಹೆಸರಾದ ವೆಂಕಟೇಶ ಬಾಪೂಜಿ ಕೇತಕರ ಅದೇ ಬಗೆಯ ಹೊಂದಿಕೆ ಯುರೇನಸ್, ನೆಪ್ಚೂನ್ ಮತ್ತು ಅವುಗಳ ಆಚೆಗಿನ ಗ್ರಹಗಳಲ್ಲೂ ಇರಬೇಕೆಂದು ತರ್ಕಿಸಿದರು. 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಎರಡು ಹೊಸ ಗ್ರಹಗಳನ್ನು ಸೂಚಿಸಿ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನಿಗೆ ಅವರು ಕೊಟ್ಟ ದೂರ 38.95 ಖಗೋಳಮಾನ, ಅವಧಿ 242 ವರ್ಷ. 1930ರಲ್ಲಿ ಸಿಕ್ಕ ಪ್ಲೂಟೊದ ದೂರ 39.5, ಅವಧಿ 248 ವರ್ಷ. ಇದನ್ನು ಭವಿಷ್ಯ ನಿಜವಾಯಿತು ಎಂದು ಮೆರೆಸುವುದಕ್ಕಿಂತ ಒಳ್ಳೆಯ ಕಾಕತಾಳೀಯ ಎನ್ನುವುದೇ ನ್ಯಾಯ. ಆದರೆ ಊರಿನ ಶಾಲೆಯಲ್ಲಿ ಕೂತು ಗುರುವಿನ ಉಪಗ್ರಹಗಳಿಂದ ನೆಪ್ಚೂನಿನಾಚೆಗೆ ಗೆರೆ ಎಳೆದ ಧೈರ್ಯ ಸಣ್ಣದಲ್ಲ.

ದೂರದ ಸಣ್ಣ ಉಪಗ್ರಹಗಳು ಬೇರೆ ಜಾತಿ. ಅವು ಗುರುವಿನ ಜೊತೆ ಹುಟ್ಟಿದವಲ್ಲ, ಬಹಳ ಹಿಂದೆ ಸೆರೆಸಿಕ್ಕವು ಅಥವಾ ಹಾಗೆ ಸಿಕ್ಕವುಗಳ ಚೂರುಗಳು. 1904ರಲ್ಲಿ ಸಿಕ್ಕ ಹಿಮಾಲಿಯಾ (ಹಿಮಾಲಯಕ್ಕೂ ಇದಕ್ಕೂ ನಂಟಿಲ್ಲ, ಗ್ರೀಕ್ ಕಥೆಯ ಅಪ್ಸರೆ) 1.1 ಕೋಟಿ ಕಿ.ಮೀ. ದೂರದಲ್ಲಿ 250 ದಿನಕ್ಕೊಂದು ಸುತ್ತು ಹಾಕುತ್ತದೆ. ಅದಕ್ಕೂ ಆಚೆ, 2 ಕೋಟಿ ಕಿ.ಮೀ. ಮೀರಿದಲ್ಲಿ, ಕಾರ್ಮೆ, ಅನಾಂಕೆ, ಪ್ಯಾಸಿಫೆ ಬಳಗಗಳಿವೆ. ಇವು ಸುತ್ತುವುದು ಹಿಮ್ಮುಖವಾಗಿ. ಅಷ್ಟು ದೂರದಲ್ಲಿ ಸೂರ್ಯನ ಎಳೆತ ಬಲವಾಗಿರುವಾಗ ಮುಮ್ಮುಖವಾಗಿ ಸುತ್ತುವುದಕ್ಕಿಂತ ಹಿಮ್ಮುಖವಾಗಿ ಸುತ್ತುವುದೇ ಹೆಚ್ಚು ಭದ್ರ.

ಕವಣೆ

ಲೆಕ್ಸೆಲ್ ಧೂಮಕೇತುವಿಗೆ ಆದದ್ದನ್ನೇ ಮನುಷ್ಯ ಬೇಕೆಂದೇ ಮಾಡಿಸಿಕೊಳ್ಳುತ್ತಾನೆ. ಗುರು ಸೂರ್ಯನ ಸುತ್ತ ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರ ಬೆನ್ನ ಹಿಂದಿನಿಂದ ಹಾಯುವ ನೌಕೆ ಗುರುವಿನ ಲೆಕ್ಕದಲ್ಲಿ ಬಂದಷ್ಟೇ ವೇಗದಲ್ಲಿ ಹೋಗುತ್ತದೆ, ಆದರೆ ದಿಕ್ಕು ತಿರುಗಿರುವುದರಿಂದ ಸೂರ್ಯನ ಲೆಕ್ಕದಲ್ಲಿ ಅದರ ವೇಗ ಹೆಚ್ಚಿರುತ್ತದೆ. ಗುರು ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕದು ಆನೆಯ ಮೈಮೇಲಿಂದ ಇರುವೆ ಇಳಿದುಹೋದಂತೆ. 2007ರ ಫೆಬ್ರವರಿ 28ರಂದು ಗುರುವಿನ 23 ಲಕ್ಷ ಕಿ.ಮೀ. ಸಮೀಪ ಹಾದ ನ್ಯೂ ಹೊರೈಜನ್ಸ್ ನೌಕೆ ಗಂಟೆಗೆ ಸುಮಾರು 14,000 ಕಿ.ಮೀ. ವೇಗ ಗಿಟ್ಟಿಸಿಕೊಂಡು ಪ್ಲೂಟೊದ ಪಯಣದಲ್ಲಿ ಮೂರು ವರ್ಷ ಉಳಿಸಿತು. ಯುಲಿಸಿಸ್ ನೌಕೆಗೆ ಬೇಕಿದ್ದುದು ವೇಗವಲ್ಲ, ದಿಕ್ಕು. ಸೂರ್ಯನ ಧ್ರುವಗಳನ್ನು ನೋಡಬೇಕಿದ್ದ ಅದನ್ನು 1992ರ ಫೆಬ್ರವರಿಯಲ್ಲಿ ಗುರು ಗ್ರಹಗಳ ಸಮತಲದಿಂದಲೇ ಕಿತ್ತು ಹೊರಕ್ಕೆ ಎಸೆಯಿತು. ಸೂರ್ಯನ ಧ್ರುವ ನೋಡಲು ಮೊದಲು ಸೂರ್ಯನಿಗೆ ಬೆನ್ನು ಹಾಕಿ ಗುರುವಿನವರೆಗೆ ಹೋಗಬೇಕಾಯಿತು.

ಕಾವಲುಗಾರ ಎಂಬ ಮಾತು

ಗುರು ಭೂಮಿಯ ಕಾವಲುಗಾರ, ಬರುವ ಧೂಮಕೇತುಗಳನ್ನೆಲ್ಲ ಅದು ತಡೆಯುತ್ತದೆ ಎಂಬ ಮಾತನ್ನು ಜನಪ್ರಿಯ ಬರಹಗಳು ಬಿಡದೆ ಹೇಳುತ್ತವೆ. ಇದರ ಬೇರು 1990ರ ದಶಕದಲ್ಲಿ ಜಾರ್ಜ್ ವೆದರಿಲ್ ಮಾಡಿದ ಲೆಕ್ಕಗಳಲ್ಲಿದೆ. ಬಹು ದೂರದ ಊರ್ಟ್ ಮೋಡದಿಂದ ಬರುವ ಧೂಮಕೇತುಗಳ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ 2008ರಿಂದ ಜಾಂಟಿ ಹಾರ್ನರ್ ಮತ್ತು ಬ್ಯಾರಿ ಜೋನ್ಸ್ ಕ್ಷುದ್ರಗ್ರಹಗಳನ್ನೂ ಕಡಿಮೆ ಅವಧಿಯ ಧೂಮಕೇತುಗಳನ್ನೂ ಸೇರಿಸಿಕೊಂಡು ಗುರುವಿನ ತೂಕವನ್ನು ಹೆಚ್ಚು ಕಡಿಮೆ ಮಾಡುತ್ತಾ ಲೆಕ್ಕ ಓಡಿಸಿದಾಗ ಚಿತ್ರ ಬದಲಾಯಿತು. ಗುರು ಇಲ್ಲವೇ ಇಲ್ಲ ಎಂದರೆ ಭೂಮಿಗೆ ಬೀಳುವ ಪೆಟ್ಟುಗಳು ಕಡಿಮೆ. ಗುರು ಈಗಿನಷ್ಟೇ ಇದ್ದರೂ ಬಹಳ ಹೆಚ್ಚಲ್ಲ. ಅತಿ ಹೆಚ್ಚು ಪೆಟ್ಟು ಬೀಳುವುದು ಆ ಜಾಗದಲ್ಲಿ ಗುರುವಿನ ಐದನೆಯ ಒಂದು ಪಾಲಿನಷ್ಟು ತೂಕದ ಗ್ರಹವಿದ್ದರೆ: ಒಳಕ್ಕೆ ತಿರುಗಿಸುವಷ್ಟು ಬಲವಿದೆ, ಆಚೆಗೆ ಎಸೆದು ಮುಗಿಸುವಷ್ಟಿಲ್ಲ. ಕರ್ಕ್‌ವುಡ್ ತೆರವುಗಳಿಂದ ಕಲ್ಲು ಕಳಿಸುವ ಕೈಯೇ ಧೂಮಕೇತುಗಳನ್ನು ತಡೆಯುವ ಕೈ ಎಂದ ಮೇಲೆ ಅದನ್ನು ಕಾವಲುಗಾರ ಎನ್ನುವುದು ಅವಸರದ ಮಾತು.

ಕ್ಷುದ್ರಗ್ರಹ ಪಟ್ಟಿ ಒಡೆದ ಗ್ರಹವೊಂದರ ಅವಶೇಷ ಎಂಬುದೂ ಇಂಥದೇ ಹಳೆಯ ಮಾತು. ಅಲ್ಲಿರುವುದನ್ನೆಲ್ಲ ಕೂಡಿಸಿದರೂ ನಮ್ಮ ಚಂದ್ರನ ನೂರರಲ್ಲಿ ಮೂರು-ನಾಲ್ಕು ಪಾಲಷ್ಟೇ ಆಗುತ್ತದೆ. ಗ್ರಹ ಒಡೆದದ್ದಲ್ಲ, ಕಟ್ಟಿಕೊಳ್ಳಲೇ ಇಲ್ಲ. ಗುರುವಿನ ಕ್ಷೋಭೆಯಿಂದ ಅಲ್ಲಿನ ಕಲ್ಲುಗಳು ಒಂದಕ್ಕೊಂದು ಸೆಕೆಂಡಿಗೆ ಸುಮಾರು 5 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಯುತ್ತವೆ. ಆ ವೇಗದಲ್ಲಿ ಕೂಡಿಕೊಳ್ಳುವುದಿಲ್ಲ, ಪುಡಿಯಾಗುತ್ತವೆ. ಸೌರವ್ಯೂಹದ ಬಾಲ್ಯದಲ್ಲಿ ಗುರುವೇ ಅನಿಲದ ತಟ್ಟೆಯೊಳಗೆ ಸೂರ್ಯನ ಕಡೆ 1.5 ಖಗೋಳಮಾನದವರೆಗೆ ಸರಿದು, ಶನಿಯ ಜೊತೆ ಸೇರಿ ಮತ್ತೆ ಹೊರಕ್ಕೆ ಹೋಯಿತೆಂಬ ಮಾದರಿಯೊಂದನ್ನು 2011ರಲ್ಲಿ ಕೆವಿನ್ ವಾಲ್ಶ್ ಮತ್ತು ಸಂಗಡಿಗರು ಮುಂದಿಟ್ಟರು. ಮಂಗಳ ಅಷ್ಟು ಚಿಕ್ಕದಾಗಿರುವುದಕ್ಕೆ ಅದು ಕೊಡುವ ಕಾರಣ ಚೆನ್ನಾಗಿದೆ. ಎಲ್ಲರೂ ಅದನ್ನು ಒಪ್ಪಿಲ್ಲ.

ಭೂಮಿ ಮತ್ತು ಬುಧ

ಗುರುವಿನ ಕೈ ಭೂಮಿಯವರೆಗೂ ಚಾಚಿದೆ, ಬಹು ನಿಧಾನವಾಗಿ. ಭೂಮಿಯ ಕಕ್ಷೆ ಒಮ್ಮೆ ವೃತ್ತಕ್ಕೆ ಹತ್ತಿರ, ಒಮ್ಮೆ ತುಸು ಉದ್ದ ಆಗುತ್ತಾ ಇರುತ್ತದೆ. ಇದರಲ್ಲಿ ಗುರು ಮತ್ತು ಶುಕ್ರ ಸೇರಿ ನಡೆಸುವ 4,05,000 ವರ್ಷಗಳ ಒಂದು ಆವರ್ತ ಉಳಿದೆಲ್ಲಕ್ಕಿಂತ ನಿಯಮಿತ. ಅದು ಹವಾಮಾನವನ್ನು ಬದಲಿಸುತ್ತಾ ಕೆರೆಗಳ ತಳದ ಹೂಳಿನಲ್ಲಿ ಗುರುತು ಬಿಟ್ಟಿದೆ. 21 ಕೋಟಿ ವರ್ಷ ಹಳೆಯ ಶಿಲಾಪದರಗಳಲ್ಲೂ ಅದೇ ಲಯ ಸಿಕ್ಕಿರುವುದರಿಂದ ಭೂವಿಜ್ಞಾನಿಗಳು ಅದನ್ನು ಗಡಿಯಾರದಂತೆ ಬಳಸುತ್ತಾರೆ.

ಬುಧದ ಕಕ್ಷೆ ಪ್ರತಿ ಶತಮಾನಕ್ಕೆ ಇತರ ಗ್ರಹಗಳ ಎಳೆತದಿಂದ ಸುಮಾರು 532 ವಿಕಲೆಯಷ್ಟು (ಕೋನದ ಕಿರು ಅಳತೆ) ಹೊರಳುತ್ತದೆ. ಅದರಲ್ಲಿ ಗುರುವಿನ ಪಾಲು 153. ಈ ಪಾಲುಗಳನ್ನೆಲ್ಲ ಕರಾರುವಾಕ್ಕಾಗಿ ಕಳೆದದ್ದರಿಂದಲೇ ಲೆಕ್ಕಕ್ಕೆ ಸಿಗದ 43 ವಿಕಲೆ ಎದ್ದು ಕಂಡಿತು, ಐನ್‌ಸ್ಟೈನ್ 1915ರಲ್ಲಿ ಅದನ್ನು ವಿವರಿಸಿದ. ಬುಧದ ಕಕ್ಷೆಯ ಹೊರಳಿಕೆಯ ವೇಗಕ್ಕೂ ಗುರುವಿನ ಕಕ್ಷೆಯ ಹೊರಳಿಕೆಯ ವೇಗಕ್ಕೂ ಅಂತರ ಹೆಚ್ಚಿಲ್ಲ. ಎರಡೂ ಕೂಡಿಬಿದ್ದರೆ ಇನ್ನೊಂದು ಬಗೆಯ ಅನುರಣನೆ ಹುಟ್ಟಿ ಬುಧದ ಕಕ್ಷೆ ಉದ್ದವಾಗುತ್ತಾ ಹೋಗಬಹುದು. ಫ್ರಾನ್ಸಿನ ಜ್ಯಾಕ್ ಲಸ್ಕರ್ ಮತ್ತು ಮಿಕೇಲ್ ಗಾಸ್ಟಿನೊ 2009ರಲ್ಲಿ ಸೌರವ್ಯೂಹದ ಮುಂದಿನ 500 ಕೋಟಿ ವರ್ಷಗಳನ್ನು 2,501 ಬಾರಿ ಓಡಿಸಿ ನೋಡಿದರು, ಪ್ರತಿ ಸಲ ಬುಧದ ಆರಂಭದ ಸ್ಥಿತಿಯನ್ನು ಕೂದಲೆಳೆಯಷ್ಟು ಬದಲಿಸಿ. ನೂರಕ್ಕೆ ಒಂದರಷ್ಟು ಓಟಗಳಲ್ಲಿ ಬುಧ ದಾರಿ ತಪ್ಪಿತು. ಆ ಪೈಕಿ ಒಂದರಲ್ಲಿ ಒಳಗ್ರಹಗಳೆಲ್ಲ ಕದಡಿ, ಸುಮಾರು 334 ಕೋಟಿ ವರ್ಷಗಳ ಹೊತ್ತಿಗೆ ಭೂಮಿಗೆ ಮಂಗಳವೋ ಶುಕ್ರವೋ ಡಿಕ್ಕಿ ಹೊಡೆಯುವ ಸ್ಥಿತಿ ಬಂತು. ನೂರಕ್ಕೆ ಮಿಕ್ಕ 99ರಷ್ಟು ಓಟಗಳಲ್ಲಿ ಗ್ರಹಗಳು ಈಗಿರುವ ಹಾಗೆಯೇ ಸುತ್ತುತ್ತಿದ್ದವು.